ಎಂ ಬ್ಯಾಡ್ಜ್ ಕಿತ್ತಾಕಿ ಹಳದಿ ಕೆಂಪು ಗೆರೆ ಎಳೆದಿದ್ದು: ನನ್ನ ಅನುಭವ

ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ಒಂದು ಬಿಎಂಡಬ್ಲ್ಯು ಜೆಡ್4 ತಗೊಂಡೆ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. 2012ರ ಗಾಡಿ, 35ಐ ಅನ್ನೋ ಮಾಡೆಲ್ಲು, ಬಿಳಿ ಬಣ್ಣ. ಚಿಕ್ಕ ವಯಸ್ಸಿಂದ ಇದ್ದ ಆಸೆ ಅದು, ನಮ್ಮದು ಚಾಮರಾಜಪೇಟೆಲಿ ಅಪ್ಪನ ಕಾಲದಿಂದ ನಡ್ಕೊಂಡು ಬಂದಿರೋ ಪ್ರಿಂಟಿಂಗ್ ಪ್ರೆಸ್ಸು, ಹೊಸ ಸ್ಪೋರ್ಟ್ಸ್ ಕಾರ್ ಎಲ್ಲಾ ನಮ್ಮ ಕೈಗೆ ಎಟಕೋ ಮಾತಲ್ಲ. ನಾನು ತಗೊಂಡಾಗ್ಲೇ ಹಿಂದಿನ ಓನರ್ ಅದಕ್ಕೆ ಮೈತುಂಬಾ ಮಾಡಿಸಿದ್ರು: ಡಿಕ್ಕಿ ಮೇಲೆ ಎಂ ಬ್ಯಾಡ್ಜು (ಬಿಎಂಡಬ್ಲ್ಯುದ ರೇಸಿಂಗ್ ವಿಭಾಗದ ಗಾಡಿಗೆ ಹಾಕೋ ಗುರುತು), ಮುಂದಿನ ಚಕ್ರದ ಮೇಲಿನ ಎರಡೂ ಫೆಂಡರ್ ಮೇಲೆ ಗಾಳಿನೇ ಹೋಗದ ಅಂಟಿಸೋ ವೆಂಟು, ಬಾನೆಟ್ಟಿಗೆ ಕಾರ್ಬನ್ ಡಿಸೈನಿನ ಸ್ಟಿಕರ್ರು, ಒಂದೊಂದೇ ಸೈಲೆನ್ಸರ್ ಪೈಪ್ ಇದ್ದ ಕಡೆ ಎರಡೆರಡು ಕಾಣೋ ಹಂಗೆ ಪೈಪಿನ ತುದಿಗೆ ಸಿಕ್ಕಿಸೋ ತುಂಡು, ಚಕ್ರದೊಳಗೆ ಬ್ರೇಕ್ ಹಿಡಿಯೋ ಕ್ಯಾಲಿಪರ್ ಮೇಲೆ ಕೆಂಪು ಕವರ್ರು. ನಂಗೂ ಆಗ ಅದೆಲ್ಲಾ ಚೆನ್ನಾಗೇ ಕಾಣಿಸ್ತು, ಸುಳ್ಳು ಯಾಕ್ ಹೇಳ್ಲಿ.

ಒಂದು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಿ ವಾಪಸ್ ಬರ್ತಾ ದೇವನಹಳ್ಳಿ ಹತ್ರ ಬಂಕಲ್ಲಿ ಪೆಟ್ರೋಲ್ ಹಾಕಿಸ್ತಿದ್ದೆ, ಪೆಟ್ರೋಲ್ ಹಾಕೋ ಹುಡುಗ ಹಿಂದೆ ಬಂದು ಬ್ಯಾಡ್ಜ್ ಮುಟ್ಟಿ ನೋಡಿ "ಸಾರ್ ಇದು ಎಂ ಗಾಡಿನಾ?" ಅಂದ. ನಾನು "ಹೂಂ ಕಣಪ್ಪ" ಅಂದ್ಬಿಟ್ಟೆ. ಅವನು ಖುಷಿಯಾಗಿ ಫೋಟೋ ತಗೊಂಡ, ಪಕ್ಕದ ಪಂಪಿನವನನ್ನೂ ಕರೆದು ತೋರಿಸ್ದ. ಹೆಬ್ಬಾಳ ಫ್ಲೈಓವರ್ ಬರೋವರೆಗೂ ಮನಸ್ಸಲ್ಲಿ ಅದೇ ಕೊರೀತಾ ಇತ್ತು, ಆ ಹುಡುಗನಿಗೆ ಗಾಡಿ ಬಗ್ಗೆ ನಿಜವಾದ ಆಸೆ ಇತ್ತು, ನಾನು ಅವನಿಗೆ ಇಲ್ದೇ ಇರೋದನ್ನ ಇದೆ ಅಂದೆ.

ಎಂ ಅಂದ್ರೆ ಬರೀ ಅಕ್ಷರ ಅಲ್ಲ. 1972ರಲ್ಲಿ ಬಿಎಂಡಬ್ಲ್ಯು ರೇಸಿಂಗಿಗೆ ಅಂತಲೇ ಶುರು ಮಾಡಿದ ಬೇರೆ ಕಂಪನಿ ಅದು, ಅವರು ಕೈ ಹಾಕಿದ ಗಾಡಿಲಿ ಇಂಜಿನ್ನು, ಬ್ರೇಕು, ಸಸ್ಪೆನ್ಷನ್ನು ಎಲ್ಲಾ ಬೇರೆನೇ ಕೆಲಸ. ಜೆಡ್4ರ ಹಿಂದಿನ ತಲೆಮಾರಲ್ಲಿ, 2006ರಿಂದ 2008ರವರೆಗೆ, ನಿಜವಾದ ಎಂ ಇತ್ತು, 3.2 ಲೀಟರ್ ಇಂಜಿನ್, 343 ಹಾರ್ಸ್‌ಪವರ್. ಆದ್ರೆ 2009ರಿಂದ 2016ರವರೆಗೆ ಬಂದ ನನ್ನ ತಲೆಮಾರಿನ ಗಾಡಿಲಿ ಕಂಪನಿ ಎಂ ಮಾಡೇ ಇಲ್ಲ. ಅಂದ್ರೆ ನನ್ನ ಡಿಕ್ಕಿ ಮೇಲೆ ಹುಟ್ಟೇ ಇರದ ಕಾರಿನ ಹೆಸರಿತ್ತು. ಹಂಗಂತ ನನ್ನ ಗಾಡಿ ಏನು ಕಮ್ಮಿನಾ ಅಂದ್ರೆ ಅದೂ ಇಲ್ಲ, ಮೂರು ಲೀಟರಿನ ಆರು ಸಿಲಿಂಡರ್ರು ಸಾಲಾಗಿ ಕೂತಿರೋ ಇಂಜಿನ್, ಎರಡು ಟರ್ಬೊ, 306 ಹಾರ್ಸ್‌ಪವರ್, ನಿಂತ ಜಾಗದಿಂದ ನೂರು ಮುಟ್ಟೋಕೆ ಐದು ಸೆಕೆಂಡ್ ಚಿಲ್ಲರೆ. ಇಷ್ಟೆಲ್ಲಾ ಇರೋ ಗಾಡಿಗೆ ಬೇರೆಯವರ ಹೆಸರು ಯಾಕ್ ಬೇಕು?

ಮನೇಲಿ ಅಪ್ಪನ ಹತ್ರ ಹೇಳ್ದೆ. ಅಪ್ಪನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ, ಎಂ ಅಂದ್ರೇನು ಅಂತ ಕೇಳಿಸ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ ಪ್ರೆಸ್ಸಿಗೆ ಒಬ್ಬ ವಿಸಿಟಿಂಗ್ ಕಾರ್ಡ್ ಮಾಡ್ಸೋಕ್ ಬಂದಿದ್ದ, ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿ ಅಂದ, ನೀವು ಡಾಕ್ಟರಾ ಅಂದೆ, ಇಲ್ಲ ಹಂಗೇ ಚೆನ್ನಾಗಿರತ್ತೆ ಅಂದ. ಚಿನ್ನದ ಬಾರ್ಡರ್ ಬೇಕಾ ಹಾಕ್ಕೊಡ್ತೀನಿ, ಉಬ್ಬು ಅಕ್ಷರ ಬೇಕಾ ಹಾಕ್ಕೊಡ್ತೀನಿ, ಡಾಕ್ಟರ್ ಅಂತ ಹಾಕಲ್ಲ ಅಂತ ಕಳಿಸ್ದೆ" ಅಂದ್ರು. ಅಷ್ಟೇ ಹೇಳಿ ಎದ್ದು ಹೋದ್ರು. ಅವತ್ತಿಂದ ಈ ವಿಷಯದಲ್ಲಿ ನಂಗೆ ಗೊಂದಲ ಇಲ್ಲ. ಅಲಂಕಾರ ಬೇರೆ, ಇಲ್ದಿರೋ ಡಿಗ್ರಿ ಬೇರೆ.

ಆ ವಾರಾನೇ ಕೀಳೋಕೆ ಕೂತೆ. ಬ್ಯಾಡ್ಜ್ ತೆಗೆಯೋದು ಸುಲಭ, ಹೇರ್ ಡ್ರೈಯರಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ ಮೀನು ಹಿಡಿಯೋ ನೈಲಾನ್ ದಾರನ ಹಿಂದೆ ತೂರಿಸಿ ಗರಗಸದ ತರ ಎಳೆದ್ರೆ ಬಂದ್ಬಿಡತ್ತೆ, ಸ್ಕ್ರೂಡ್ರೈವರ್ ಮಾತ್ರ ಹಾಕ್ಬೇಡಿ. ಉಳಿದ ಅಂಟನ್ನ ಬೆರಳಲ್ಲಿ ಉಂಡೆ ಮಾಡಿ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ್ರೆ ಕ್ಲೀನ್. ಆದ್ರೂ ಬ್ಯಾಡ್ಜ್ ಇದ್ದ ಜಾಗದಲ್ಲಿ ಬಿಸಿಲು ಬಿದ್ದಿರಲ್ವಲ್ಲ, ಅಕ್ಷರದ ನೆರಳು ಹಂಗೇ ಕಾಣ್ತಿತ್ತು, ಪೇಂಟ್ ಪಾಲಿಶ್ ಮಾಡೋ ಕಾಂಪೌಂಡ್ ಹಾಕಿ ಕೈಯಲ್ಲೇ ಮೂರು ಸಲ ಉಜ್ಜಿದ ಮೇಲೆ ಹೋಯ್ತು.

ಬೇಜಾರಾಗಿದ್ದು ಬಾನೆಟ್ ಸ್ಟಿಕರ್ ಕಿತ್ತಾಗ. ಯಾವ್ದೋ ಅಂಗಡಿಯವರು ಅದನ್ನ ಗಾಡಿ ಮೇಲೇ ಇಟ್ಟು ಬ್ಲೇಡಲ್ಲಿ ಕುಯ್ದಿದಾರೆ, ಅಂಚಿನುದ್ದಕ್ಕೂ ಪೇಂಟ್ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸೀಳಿದೆ, ಉಗುರಲ್ಲಿ ಸವರಿದ್ರೆ ಸಿಗತ್ತೆ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ಕಣ್ಣಲ್ಲೇ ನೋಡ್ದೆ. ಬಾನೆಟ್ ಪೂರ್ತಿ ಪೇಂಟ್ ಮಾಡಿಸ್ಬೇಕಾಯ್ತು. ಕ್ಯಾಲಿಪರ್ ಕವರ್ ಬಗ್ಗೆ ನಂಗೆ ಇನ್ನೂ ಸಿಟ್ಟಿದೆ, ದೊಡ್ಡ ಬ್ರೇಕ್ ಕಂಪನಿ ಹೆಸರು ಬರೆದು ಜೆಸಿ ರೋಡಲ್ಲಿ ಡಬ್ಬಲ್ಲಿ ಸಿಗತ್ತೆ ಅದು, ಬ್ರೇಕಿಗೆ ಬೇಕಾಗಿರೋದು ಗಾಳಿ, ಬೆಟ್ಟ ಇಳಿಯುವಾಗ ಬ್ರೇಕ್ ಕಾದು ಬಿಸಿ ಹೊರಗೆ ಹೋಗ್ಬೇಕು, ಆ ಜಾಗದಲ್ಲಿ ಮುಚ್ಚಳ ಹಾಕ್ಕೊಂಡು ಓಡಾಡೋದು ಬರೀ ಶೋಕಿ ಅಲ್ಲ ಅಪಾಯ. ಕೆಂಪು ಬಣ್ಣನೇ ಬೇಕು ಅಂದ್ರೆ ಬಿಸಿ ತಡೆಯೋ ಕ್ಯಾಲಿಪರ್ ಪೇಂಟ್ ಬರತ್ತೆ, ಚಕ್ರ ಬಿಚ್ಚಿ ವೈರ್ ಬ್ರಷ್ ಹಾಕಿ ಬಳೀರಿ, ನಂದೇನೂ ತಕರಾರಿಲ್ಲ. ಗಾಡಿ ತಗ್ಗಾಗಿ ಕಾಣ್ಲಿ ಅಂತ ಹಿಂದಿನ ಓನರ್ ಸ್ಪ್ರಿಂಗ್ ಕೂಡ ಬದಲಾಯಿಸಿದ್ರು, ನಮ್ಮ ಏರಿಯಾದ ಹಂಪುಗಳ ಮೇಲೆ ಹೊಟ್ಟೆ ಕೆರ್ಕೊಂಡು ಹೋಗ್ತಿತ್ತು, ಅದನ್ನೂ ಬದಲಾಯಿಸಿ ಕಂಪನಿದೇ ಹಾಕಿಸ್ದೆ.

ಎಲ್ಲಾ ಕಿತ್ತ ಮೇಲೆ ಗಾಡಿನ ಮನೆ ಮುಂದೆ ನಿಲ್ಸಿ ನೋಡ್ದೆ. ಉದ್ದ ಮೂಗು, ಹಿಂದಿನ ಚಕ್ರದ ಹತ್ರ ಕೂರೋ ಜಾಗ, ಬಾಗಿಲ ಮೇಲೆ ಹಾದು ಹೋಗೋ ಗೆರೆ. ಈ ಕಾರಿನ ಹೊರಗಿನ ಡಿಸೈನ್ ಮಾಡಿದ್ದು ಜೂಲಿಯಾನೆ ಬ್ಲಾಸಿ, ಒಳಗಿಂದು ನಾಡ್ಯಾ ಆರ್ನೌಟ್, ಇಬ್ರೂ ಹೆಣ್ಮಕ್ಕಳು. ಬ್ಲಾಸಿ ಅಷ್ಟು ಆಸೆಪಟ್ಟು ಎಳೆದ ಗೆರೆ ಮೇಲೆ ಇಷ್ಟು ದಿನ ಪ್ಲಾಸ್ಟಿಕ್ ವೆಂಟ್ ಕೂತಿತ್ತು ಅಂತ ಅವತ್ತೇ ಗೊತ್ತಾಗಿದ್ದು.

ಆದ್ರೆ ಹಂಗೇ ಬಿಡೋಕೂ ಮನಸ್ಸಿರ್ಲಿಲ್ಲ, ನನ್ನ ಗಾಡಿ ಅನ್ನೋ ಗುರುತು ಏನಾದ್ರೂ ಬೇಕಿತ್ತು. ಹಳೇ ರೇಸಿಂಗಲ್ಲಿ ಬಣ್ಣ ಅಂದ್ರೆ ದೇಶದ ಗುರುತು: ಇಂಗ್ಲೆಂಡಿಗೆ ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ ಆಮೇಲೆ ಬೆಳ್ಳಿ. ಅಮೆರಿಕದ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ 1951ರಲ್ಲಿ ಫ್ರಾನ್ಸಿನ ಲಮಾನ್ ರೇಸಿಗೆ ತಂದ ಬಿಳಿ ಕಾರುಗಳ ಮೇಲೆ ಎರಡು ನೀಲಿ ಪಟ್ಟೆ ಇತ್ತು, ಇವತ್ತು ಎಲ್ರೂ ಹಾಕ್ಸೋ ಆ ಜೋಡಿ ಪಟ್ಟೆಗೆ ಅರ್ಥ ನಾನು ಜೋರಾಗಿ ಓಡ್ತೀನಿ ಅಂತಲ್ಲ, ನಾನು ಇಂಥಾ ಊರಿಂದ ಬಂದಿದೀನಿ ಅಂತ. ನನ್ನ ಗಾಡಿ ಬಿಳಿ, ಅದರ ತವರು ಜರ್ಮನಿ. ನಂದು ಬೆಂಗಳೂರು. ಮ. ರಾಮಮೂರ್ತಿಯವರು ಕೊಟ್ಟ ಕನ್ನಡ ಬಾವುಟದ ಹಳದಿ ಕೆಂಪು ಇರೋವಾಗ ಬೇರೆ ಬಣ್ಣ ಹುಡುಕೋದು ಯಾಕೆ ಅನ್ನಿಸ್ತು.

ಸ್ಟಿಕರ್ ಮಾಡೋ ವಿನೈಲ್ ಹಾಳೆ ನಮ್ಮ ಪ್ರೆಸ್ಸಲ್ಲೇ ಇರತ್ತೆ, ಆದ್ರೆ ಬೋರ್ಡಿಗೆ ಹಾಕೋ ವಿನೈಲ್ ಗಾಡಿಗೆ ಆಗಲ್ಲ. ಅದು ಕ್ಯಾಲೆಂಡರ್ಡ್, ರೋಲರ್ ನಡುವೆ ಒತ್ತಿ ಎಳೆದು ಮಾಡಿರ್ತಾರೆ, ಬಿಸಿಲು ಕಂಡ್ರೆ ಮತ್ತೆ ಕುಗ್ಗಿ ಅಂಚು ಬಿಟ್ಕೊಳತ್ತೆ. ಗಾಡಿಗೆ ಕಾಸ್ಟ್ ವಿನೈಲ್ ಬೇಕು, ದ್ರವ ಹುಯ್ದು ಒಣಗಿಸಿ ಮಾಡೋದು, ಸುಮಾರು 50 ಮೈಕ್ರಾನ್ ದಪ್ಪ, ತಿರುವಲ್ಲಿ ಚೆನ್ನಾಗಿ ಕೂರತ್ತೆ. ಸ್ಟಿಕರ್ ಕತ್ತರಿಸೋ ಮಿಷಿನ್ನು, ಪ್ಲಾಟರಲ್ಲಿ 12 ಮಿಲಿಮೀಟರ್ ಅಗಲದ ಎರಡು ಪಟ್ಟಿ ಕಟ್ ಮಾಡ್ದೆ, ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಮೇಲೆ ಹಳದಿ ಕೆಳಗೆ ಕೆಂಪು, ಮಧ್ಯೆ 3 ಮಿಲಿಮೀಟರ್ ಬಿಳಿ ಜಾಗ. ಬೆಳಿಗ್ಗೆ ನೆರಳಲ್ಲಿ, ನೀರಿಗೆ ಎರಡು ತೊಟ್ಟು ಶಾಂಪೂ ಹಾಕಿ ಸ್ಪ್ರೇ ಮಾಡಿ ಅಂಟಿಸಿದ್ರೆ ಸರಿಸಿ ಕೂರಿಸ್ಕೋಬಹುದು, ಮಾಸ್ಕಿಂಗ್ ಟೇಪಲ್ಲಿ ಮೊದಲು ಮಧ್ಯ ಹಿಡಿದು ಆಮೇಲೆ ಎರಡೂ ಕಡೆಗೆ ನೀರು ಒತ್ತಿ ತೆಗೆಯೋ ಸ್ಕ್ವೀಜಿ ಎಳೀಬೇಕು. ಮೊದಲನೇ ಸಲ ನಾನು ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಬರೋಷ್ಟರಲ್ಲಿ 4 ಮಿಲಿಮೀಟರ್ ಕೆಳಗಿಳಿದಿತ್ತು, ಪೂರ್ತಿ ಕಿತ್ತು ಬಿಸಾಕಿ ಮತ್ತೆ ಮಾಡ್ದೆ. ಬಾಗಿಲ ಸಂದಿಲಿ ಬ್ಲೇಡ್ ತಾಗಿಸ್ಲೇ ಇಲ್ಲ, ಒಳಗೆ ದಾರ ಇರೋ ನೈಫ್‌ಲೆಸ್ ಟೇಪ್ ಕೆಳಗೆ ಹಾಕಿ ಆ ದಾರ ಎಳೆದು ಕತ್ತರಿಸ್ದೆ. ಇಡೀ ಗಾಡಿ ಬಣ್ಣ ಬದಲಾಯ್ಸೋ ವ್ರ್ಯಾಪ್ ಬೇಡ ಅಂದ್ಕೊಂಡಿದ್ದಕ್ಕೆ ಕಾನೂನೂ ಒಂದು ಕಾರಣ, ಬಣ್ಣ ಬದಲಾದ್ರೆ ಆರ್‌ಸಿಲಿ ಬರೆಸ್ಬೇಕು, 2019ರ ತಿದ್ದುಪಡಿ ಆದ್ಮೇಲೆ ಅನುಮತಿ ಇಲ್ದೆ ಮಾಡಿಸಿದ ಒಂದೊಂದು ಆಲ್ಟರೇಷನ್ನಿಗೂ 5,000 ರೂಪಾಯಿ ದಂಡ ಇದೆ, ಜೈಲಿಗೂ ಅವಕಾಶ ಇದೆ.

ಗೆಳೆಯ ಒಬ್ಬ ನೋಡಿ "ಮಗಾ, ಅದನ್ ಕಿತ್ತೆ ಸರಿ, ಇದೂ ಸ್ಕೋಪೇ ಅಲ್ವಾ?" ಅಂದ. ಅವನ ಮಾತಲ್ಲಿ ಸ್ವಲ್ಪ ನಿಜ ಇದೆ, ಜನ ನೋಡ್ಲಿ ಅಂತಲೇ ನಾನೂ ಹಾಕಿದ್ದು. ಆದ್ರೆ ನಮ್ಮೂರಲ್ಲಿ ಒಂದು ಆಟೋ ನೋಡಿ, ಹಿಂದೆ ಶಂಕರ್‌ನಾಗ್ ಚಿತ್ರ, ಬಾವುಟ, ಮಕ್ಕಳ ಹೆಸರು, ಆಯುಧಪೂಜೆ ದಿನ ಬಾಳೆಕಂದು ಕಟ್ಟಿ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಾರೆ. ಅದನ್ನ ಯಾರಾದ್ರೂ ಬಿಲ್ಡಪ್ ಅಂತಾರಾ? ಆ ಅಣ್ಣ ತನ್ನ ಆಟೋನ ಲಾರಿ ಅಂತ ಹೇಳ್ತಿಲ್ಲ, ಇದು ನಂದು, ಇವರಂದ್ರೆ ನಂಗಿಷ್ಟ ಅಂತ ಹೇಳ್ತಿದಾನೆ. ಕಾರ್ ದುಬಾರಿ ಆದ ತಕ್ಷಣ ಅದೇ ಆಸೆ ತಪ್ಪಾಗತ್ತೆ ಅಂತ ನಾನು ಒಪ್ಪಲ್ಲ.

ನಮ್ಮ ಬೀದಿ ಕೊನೇಲಿರೋ ಆಟೋ ಸ್ಟ್ಯಾಂಡಲ್ಲಿ ಮೊದಲು ಈ ಗಾಡಿ ಬಂದ್ರೆ ಯಾರೂ ಮಾತಾಡಿಸ್ತಿರ್ಲಿಲ್ಲ. ಗೆರೆ ಹಾಕಿದ ವಾರ ಒಬ್ರು ಹಿರಿಯ ಡ್ರೈವರ್ ಬಗ್ಗಿ ನೋಡಿ "ಎಲ್ ಹಾಕ್ಸಿದ್ರಿ ಸಾರ್?" ಅಂದ್ರು, ನಾನೇ ಹಾಕಿದ್ದು ಅಂದೆ, ನಂಬ್ಲಿಲ್ಲ, ಪ್ರೆಸ್ಸಿಗೆ ಕರ್ಕೊಂಡು ಹೋಗಿ ಪ್ಲಾಟರ್ ತೋರಿಸ್ದೆ. ಅವರ ಆಟೋಗೂ ಅದೇ ರೋಲಿಂದ ಎರಡು ಪಟ್ಟಿ ಕಟ್ ಮಾಡಿ ಕೊಟ್ಟೆ. ಈಗ ಎರಡು ವರ್ಷ ಆಗಿದೆ, ಹಳದಿ ಹಂಗೇ ಇದೆ, ಕೆಂಪು ಮಾತ್ರ ಬಿಸಿಲಿಗೆ ಸ್ವಲ್ಪ ಮಂಕಾಗಿದೆ, ನವೆಂಬರ್ ಒಂದಕ್ಕೆ ಮುಂಚೆ ನಂದೂ ಅವರದೂ ಒಟ್ಟಿಗೆ ಬದಲಾಯಿಸ್ಬೇಕು, ಹೊಸ ರೋಲ್ ತರಿಸಿ ಇಟ್ಟಿದೀನಿ.