ಮಾಡೆಲಿಂಗ್ ಗಿಟಾರ್ ಕೈಕೊಟ್ಟರೆ: ಸ್ಕ್ರೂಡ್ರೈವರ್ ಮೊದಲು, ಲ್ಯಾಪ್‌ಟಾಪ್ ಆಮೇಲೆ

ಆರ್ಕೆಸ್ಟ್ರಾ ವೇದಿಕೆಯಲ್ಲಿ ಗಾಯಕರು ‘ಸರ್, ಅರ್ಧ ಸ್ಕೇಲ್ ಇಳಿಸಿಕೊಳ್ಳಿ’ ಅಂದರೆ ಕೀಬೋರ್ಡಿನವರಿಗೆ ಒಂದು ಬಟನ್‌ನ ಕೆಲಸ. ಗಿಟಾರಿನವರು ಮಾತ್ರ ಆರೂ ತಂತಿ ಇಳಿಸಬೇಕು, ಇಲ್ಲವೇ ಕಾರ್ಡ್‌ಗಳನ್ನು ತಲೆಯಲ್ಲೇ ಬದಲಿಸಿಕೊಳ್ಳಬೇಕು. ಡಿಜಿಟಲ್ ಮಾಡೆಲಿಂಗ್ ಗಿಟಾರಿನಲ್ಲಿ ಅದಕ್ಕೂ ಒಂದು ನಾಬ್ ತಿರುಗಿಸಿದರೆ ಸಾಕು. ಅದೇ ಗಿಟಾರಿನಿಂದ ಅಕೌಸ್ಟಿಕ್, ಹನ್ನೆರಡು ತಂತಿಯ ಗಿಟಾರ್, ಸಿತಾರದ ಛಾಯೆಯ ನಾದವೂ ಬರುತ್ತದೆ. ಮೈಸೂರು, ಮಂಡ್ಯದ ಕಡೆ ಇಂಥ ಗಿಟಾರ್ ಕೈಗೆ ಬರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ. ಬಂದ ಮೇಲೆ ರಿಪೇರಿ ಯಾರ ಹತ್ತಿರ ಅನ್ನುವ ಪ್ರಶ್ನೆ. ಅರ್ಧಕ್ಕಿಂತ ಹೆಚ್ಚಿನ ತೊಂದರೆಗಳನ್ನು ಮನೆಯ ಮೇಜಿನ ಮೇಲೇ ಸರಿಪಡಿಸಬಹುದು.

ಒಳಗೆ ನಡೆಯುವುದೇನು?

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮ್ಯಾಗ್ನೆಟಿಕ್ ಪಿಕಪ್ ಆರೂ ತಂತಿಯ ನಾದವನ್ನು ಒಟ್ಟಾಗಿ ಹಿಡಿಯುತ್ತದೆ. ಮಾಡೆಲಿಂಗ್ ಗಿಟಾರಿನಲ್ಲಿ ಪ್ರತಿ ತಂತಿಯ ಸಂಕೇತವೂ ಬೇರೆ ಬೇರೆ. ರೋಲ್ಯಾಂಡ್ ಕಂಪನಿ 1995ರ ವಿಜಿ-8ರಲ್ಲಿ ಆ ಸಂಕೇತಗಳಿಗೆ ಬೇರೆ ಗಿಟಾರಿನ ನಾದ ಕೊಡುವ ಕೆಲಸವನ್ನು ಗಿಟಾರಿನ ಹೊರಗಿನ ಪೆಟ್ಟಿಗೆಯಲ್ಲಿ ಮಾಡಿತು. 2003ರ ಸುಮಾರಿಗೆ ಬಂದ ಲೈನ್ 6 ಕಂಪನಿಯ ವೇರಿಯಾಕ್ಸ್ ಇಡೀ ಪ್ರೊಸೆಸರನ್ನೇ ಗಿಟಾರಿನ ಹೊಟ್ಟೆಗೆ ಇಳಿಸಿತು. ಬ್ರಿಡ್ಜ್‌ನ ಪ್ರತಿ ಸ್ಯಾಡಲ್‌ನಲ್ಲಿ (ತಂತಿ ಕೂರುವ ತುಂಡು) ಒಂದೊಂದು ಪೀಜೋ ಹರಳು; ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಇದೇ. ಆರು ಸಂಕೇತಗಳು ಬೋರ್ಡ್‌ಗೆ ಹೋಗಿ ಅಂಕಿಗಳಾಗುತ್ತವೆ. ಪ್ರೊಸೆಸರ್ ಅದಕ್ಕೆ ಬೇಕಾದ ಗಿಟಾರಿನ ಬಣ್ಣ ಕಟ್ಟಿ, ಶ್ರುತಿ ಏರಿಸಿ ಇಳಿಸಿ ಹೊರಗೆ ಕಳಿಸುತ್ತದೆ.

ಇದರಿಂದ ರಿಪೇರಿಗೆ ಒಂದು ಸೂತ್ರ ಸಿಗುತ್ತದೆ. ಸ್ಯಾಡಲ್‌ಗೆ ತಲುಪುವ ಕಂಪನ ಕೆಟ್ಟಿದ್ದರೆ ಆಮೇಲಿನದ್ದೆಲ್ಲ ಕೆಟ್ಟಂತೆಯೇ ಕೇಳುತ್ತದೆ. ಸದ್ದು ಗರಗರ ಅಂದ ಕೂಡಲೇ ‘ಸಾಫ್ಟ್‌ವೇರ್ ಹೋಗಿದೆ’ ಎಂದು ಅಪ್‌ಡೇಟ್‌ಗೆ ಕೈಹಾಕುವವರೇ ಜಾಸ್ತಿ. ಕ್ರಮ ಇರಬೇಕಾದ್ದು ತಿರುಗಾಮುರುಗಾ: ತಂತಿ, ಸ್ಯಾಡಲ್, ಬ್ಯಾಟರಿ, ಜಾಕ್, ಇಷ್ಟೂ ಸರಿಯಿದ್ದರೆ ಮಾತ್ರ ಲ್ಯಾಪ್‌ಟಾಪ್.

ತಂತಿ ಮತ್ತು ಸ್ಯಾಡಲ್

ಮೊದಲು ಹೊಸ ತಂತಿ ಹಾಕಿ, 10-46 ದಪ್ಪದ ಸೆಟ್ ಸಾಕು. ತುಕ್ಕು ಹಿಡಿದ ತಂತಿಯ ಶ್ರುತಿ ಒಂದೇ ಕಡೆ ನಿಲ್ಲುವುದಿಲ್ಲ. ಅಂಥ ತಂತಿಯ ನಾದವನ್ನು ಪ್ರೊಸೆಸರ್ ಒಂದೂವರೆ ಸ್ವರ ಇಳಿಸಲು ಹೋದಾಗ ನೀರಿನೊಳಗಿಂದ ಬಂದಂಥ ಅಲುಗಾಟ ಕೇಳುತ್ತದೆ. ಫ್ರೆಟ್‌ಗೆ ತಂತಿ ತಾಗಿ ಝರ್ ಅನ್ನುತ್ತಿದ್ದರೂ ಇದೇ ಗತಿ. ಮ್ಯಾಗ್ನೆಟಿಕ್ ಪಿಕಪ್‌ನಲ್ಲಿ ಮುಚ್ಚಿಹೋಗುವ ಝರ್ ಸದ್ದು ಪೀಜೋದಲ್ಲಿ ಎದ್ದು ಕೇಳುತ್ತದೆ. ಹಾಗಾಗಿ ಈ ಗಿಟಾರಿನಲ್ಲಿ ತಂತಿಯನ್ನು ತೀರಾ ತಗ್ಗಿಸಬಾರದು. 12ನೇ ಫ್ರೆಟ್ ಮೇಲೆ ಆರನೇ ತಂತಿಗೆ 2 ಮಿ.ಮೀ., ಒಂದನೇ ತಂತಿಗೆ 1.6 ಮಿ.ಮೀ. ಎತ್ತರ ಇರಲಿ. ಒಂದನೇ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದಾಗ 7ನೇ ಫ್ರೆಟ್ ಬಳಿ 0.2ರಿಂದ 0.25 ಮಿ.ಮೀ. ಸಂದು ಕಾಣಬೇಕು. ಕಡಿಮೆಯಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ನಮ್ಮಲ್ಲಿ ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಿಗೂ ಜುಲೈ ತೇವಕ್ಕೂ ಮರ ಬೇರೆ ಬೇರೆ ಥರ ಬಾಗುತ್ತದೆ. ವರ್ಷಕ್ಕೆ ಎರಡು ಸಲ ಅಳೆದರೆ ಒಳ್ಳೆಯದು.

ತಂತಿ ತೆಗೆದಾಗ ಸ್ಯಾಡಲ್‌ಗಳನ್ನು ಒಣ ಟೂತ್‌ಬ್ರಷ್‌ನಿಂದ ಉಜ್ಜಿ. ಬೆವರು, ಧೂಳು ಗಟ್ಟಿಯಾಗಿ ಕೂತರೆ ತಂತಿ ಸರಿಯಾಗಿ ಒತ್ತುವುದಿಲ್ಲ. ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಅಲ್ಲಿಗೆ ಬೇಡ. ಇಂಟೊನೇಷನ್‌ಗೆಂದು (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಬರಲೆಂದು) ಸ್ಯಾಡಲ್ ಹಿಂದೆ ಮುಂದೆ ಸರಿಸುವಾಗ ಅದರ ಅಡಿಯಿಂದ ಹೊರಡುವ ಕೂದಲೆಳೆಯಂಥ ವೈರ್ ಎಳೆದುಕೊಳ್ಳದಂತೆ ನೋಡಿಕೊಳ್ಳಿ. ಅದು ತುಂಡಾಗುವುದು ಬಹುತೇಕ ಈ ಹೊತ್ತಿನಲ್ಲೇ. ಟ್ಯೂನ್ ಮಾಡುವಾಗ ಟ್ಯೂನಿಂಗ್ ನಾಬ್ ಸ್ಟ್ಯಾಂಡರ್ಡ್‌ನಲ್ಲಿರಲಿ. ಇಲ್ಲದಿದ್ದರೆ ಟ್ಯೂನರ್‌ಗೆ ಹೋಗುವುದು ಬದಲಾದ ಶ್ರುತಿ.

ಒಂದೇ ತಂತಿ ಮಂಕಾದರೆ

ಪ್ಲಾಸ್ಟಿಕ್ ಪಿಕ್‌ನ ತುದಿಯಿಂದ ಆರೂ ಸ್ಯಾಡಲ್‌ಗಳ ತಲೆ ಮೇಲೆ ಒಂದೇ ಬಲದಲ್ಲಿ ತಟ್ಟಿ. ಐದು ‘ಟಕ್’ ಅಂದು ಒಂದು ಮಾತ್ರ ದೂರದಲ್ಲಿ ಕೇಳಿದರೆ ಆ ಸ್ಯಾಡಲ್, ಅದರ ವೈರ್ ಅಥವಾ ಕನೆಕ್ಟರ್ ತಪ್ಪಿತಸ್ಥ. ಜಾಕ್‌ನಿಂದ ಕೇಬಲ್, ಗಿಟಾರಿನಿಂದ ಬ್ಯಾಟರಿ ಎರಡನ್ನೂ ತೆಗೆದು ಹಿಂಬದಿಯ ಮುಚ್ಚಳ ಬಿಚ್ಚಿ. ಬೋರ್ಡ್ ಮುಟ್ಟುವ ಮೊದಲು ಅರ್ಥ್ ಆಗಿರುವ ಲೋಹವನ್ನು ಮುಟ್ಟಿ. ನೈಲಾನ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಈ ಕೆಲಸ ಮಾಡಬಾರದು.

ಪೀಜೋ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. ಓಮ್ಸ್‌ನಲ್ಲಿ ಪೀಜೋ ಓಪನ್ ಎಂದೇ ತೋರಿಸಬೇಕು. ಕಡಿಮೆ ರೆಸಿಸ್ಟೆನ್ಸ್ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಮೀಟರಿನಲ್ಲಿ ಕೆಪಾಸಿಟೆನ್ಸ್ ಇದ್ದರೆ ಆರೂ ತಂತಿಯದನ್ನು ಅಳೆದು ಬರೆದಿಟ್ಟುಕೊಳ್ಳಿ. ಐದರ ಅಳತೆ ಹತ್ತಿರ ಹತ್ತಿರ ಇದ್ದು ಒಂದು ಮಾತ್ರ ತೀರಾ ಕಡಿಮೆಯಿದ್ದರೆ ವೈರ್ ತುಂಡಾಗಿದೆ: ನೀವು ಅಳೆಯುತ್ತಿರುವುದು ಹರಳನ್ನಲ್ಲ, ಬರೀ ವೈರನ್ನು. ತಂತಿಗೊಂದರಂತೆ ಬಿಡಿ ಕನೆಕ್ಟರ್ ಇರುವ ಬೋರ್ಡಾದರೆ ಇನ್ನೂ ಸುಲಭ. ಮಂಕಾದ ತಂತಿಯ ಕನೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಸ್ಯಾಡಲ್ ಕಡೆಯದು, ಇದ್ದಲ್ಲೇ ಇದ್ದರೆ ಬೋರ್ಡಿನದು.

ವೈರ್ ಬೆಸೆಯಲು 25 ವ್ಯಾಟ್ ಐರನ್ ಸಾಕು, ಆದರೆ ಮೂರು ಪಿನ್‌ನ, ತುದಿ ಅರ್ಥ್ ಆಗಿರುವಂಥದ್ದೇ ಬೇಕು. ಬೆಸುಗೆ ಎರಡು ಸೆಕೆಂಡ್ ಮೀರಬಾರದು. ಹೆಚ್ಚು ಶಾಖ ಬಿದ್ದರೆ ಪೀಜೋ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಸ್ಯಾಡಲ್ಲೇ ಸತ್ತಿದ್ದರೆ ಅದೇ ಮಾದರಿಯದನ್ನು ತರಿಸಬೇಕು. ಬೇರೆ ಕಂಪನಿಯ ಪೀಜೋ ಕೂರಿಸಿದರೆ ಆ ತಂತಿಯ ಮಟ್ಟ ಉಳಿದವಕ್ಕೆ ಹೊಂದದೆ, ಆಮೇಲೆ ಸಾಫ್ಟ್‌ವೇರಿನಲ್ಲಿ ತಂತಿವಾರು ವಾಲ್ಯೂಮ್ ಸರಿದೂಗಿಸುವ ಕೆಲಸ ಬೀಳುತ್ತದೆ.

ಬ್ಯಾಟರಿ, ಜಾಕ್, ನಾಬ್

ಕೇಬಲ್ ಚುಚ್ಚಿದರೆ ಗಿಟಾರ್ ಆನ್. ನುಡಿಸಿ ಮುಗಿದ ಮೇಲೆ ಕೇಬಲ್ ಅದರಲ್ಲೇ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ. ವೇರಿಯಾಕ್ಸ್ 500ರಂಥ ಮೊದಲ ಪೀಳಿಗೆಯವಕ್ಕೆ ಆರು ಎಎ ಸೆಲ್ ಬೇಕು. ಆಲ್ಕಲೈನ್ ಆರು ಸೇರಿದರೆ 9 ವೋಲ್ಟ್; ರೀಚಾರ್ಜಬಲ್ ನಿಕೆಲ್ ಸೆಲ್ ತಲಾ 1.2ರಂತೆ 7.2 ವೋಲ್ಟ್ ಮಾತ್ರ. ಹಾಗಾಗಿ ಅದರಲ್ಲಿ ಬ್ಯಾಟರಿ ಸೂಚನೆ ಬೇಗ ಬಂದರೆ ಗಾಬರಿ ಬೇಡ. ಈ ಹಳೆಯ ಮಾದರಿಯಲ್ಲಿ ಮ್ಯಾಗ್ನೆಟಿಕ್ ಪಿಕಪ್ಪೇ ಇಲ್ಲ, ಸೆಲ್ ಸತ್ತರೆ ಪೂರ್ತಿ ಮೌನ. ಆಮೇಲೆ ಬಂದ ಜೆಟಿವಿ (ಜೇಮ್ಸ್ ಟೈಲರ್ ವೇರಿಯಾಕ್ಸ್) ಸರಣಿಯಲ್ಲಿ ಮ್ಯಾಗ್ನೆಟಿಕ್ ಪಿಕಪ್ ಇರುವುದರಿಂದ ಬ್ಯಾಟರಿ ಹೋದರೂ ಸಾದಾ ಗಿಟಾರಾಗಿ ಕಾರ್ಯಕ್ರಮ ಮುಗಿಸಬಹುದು. ಅದರ ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ, ಗೂಡಿನಿಂದ ಸಲೀಸಾಗಿ ಬಾರದಿದ್ದರೆ ಅದನ್ನು ಮತ್ತೆ ಚಾರ್ಜಿಗಿಡಬೇಡಿ.

ಸೆಲ್ ಸೋರಿ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ. ಮಾಡೆಲ್ ನಾಬ್ ತಾನೇ ತಾನಾಗಿ ಮುಂದಿನ ಗಿಟಾರಿಗೆ ಹಾರುತ್ತಿದ್ದರೆ ಅದು ಭೂತವಲ್ಲ, ಕಿಟ್ಟ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಪಿಚಕಾರಿ ಬಿಟ್ಟು ಮೂವತ್ತು ಸಲ ತಿರುಗಿಸಿ. ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಇಲ್ಲಿ ಬಳಸಬೇಡಿ, ಎಣ್ಣೆ ಉಳಿದು ಧೂಳು ಹಿಡಿಯುತ್ತದೆ.

ಈಗ ಅಪ್‌ಡೇಟ್

ವೇರಿಯಾಕ್ಸ್‌ಗೆ ನೆಟ್‌ವರ್ಕ್ ಸಾಕೆಟ್‌ನಂತೆ ಕಾಣುವ ಒಂದು ಕಿಂಡಿ ಇದೆ. ಕಾಣಲು ಹಾಗಿದ್ದರೂ ಅದು ನೆಟ್‌ವರ್ಕ್ ಅಲ್ಲ. ಆ ಕೇಬಲ್‌ನಲ್ಲಿ ಡಿಜಿಟಲ್ ಸಂಕೇತದ ಜೊತೆ ಕರೆಂಟೂ ಹರಿಯುತ್ತದೆ. ರೌಟರ್‌ಗೋ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್‌ಗೋ ಚುಚ್ಚಿದರೆ ಎರಡರಲ್ಲಿ ಒಂದು ಸುಡಬಹುದು. ನಡುವೆ ಕಂಪನಿಯ ಯುಎಸ್‌ಬಿ ಇಂಟರ್ಫೇಸ್ ಡಬ್ಬಿ ಬೇಕೇ ಬೇಕು. ಕೇಬಲ್ ಮಾತ್ರ ನೇರ ಜೋಡಣೆಯ ಕ್ಯಾಟ್-5ಇ (ಸಾಮಾನ್ಯ ನೆಟ್‌ವರ್ಕ್ ಕೇಬಲ್) ಆದರೂ ನಡೆಯುತ್ತದೆ. ಗೋಡೆಯೊಳಗೆ ಎಳೆಯುವ ಗಟ್ಟಿ ತಾಮ್ರದ್ದು ಮಡಚಿ ಮಡಚಿ ಮುರಿಯುತ್ತದೆ, ಹಲವು ಎಳೆಯದ್ದನ್ನೇ ಕೊಳ್ಳಿ.

1. ನಿಮ್ಮ ಸ್ವಂತ ಮಾಡೆಲ್, ಟ್ಯೂನಿಂಗ್‌ಗಳನ್ನು ವರ್ಕ್‌ಬೆಂಚ್ ಸಾಫ್ಟ್‌ವೇರಿನಲ್ಲಿ ಫೈಲ್ ಆಗಿ ಉಳಿಸಿ. ಅಪ್‌ಡೇಟ್ ಅವನ್ನು ಅಳಿಸಬಹುದು.

2. ಗಿಟಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಲ್ಯಾಪ್‌ಟಾಪ್ ಕೂಡ ತನ್ನ ಬ್ಯಾಟರಿಯಲ್ಲೇ ನಿಲ್ಲುವಂತಿರಲಿ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

3. ಸ್ಲೀಪ್ ಮೋಡ್ ಆಫ್ ಮಾಡಿ. ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟ್‌ಗೇ ಜೋಡಿಸಿ.

4. ಇಂಟರ್ಫೇಸ್ ಜೋಡಿಸಿದ ಮೇಲೆ ಗಿಟಾರಿನ ಜಾಕ್‌ಗೂ ಒಂದು ಸಾದಾ ಕೇಬಲ್ ಚುಚ್ಚಿ ಆನ್ ಮಾಡಿ. ‘ಗಿಟಾರ್ ಸಿಗುತ್ತಿಲ್ಲ’ ಎಂದು ಬರುವ ದೂರಿಗೆ ಮುಕ್ಕಾಲುಪಾಲು ಇದನ್ನು ಮರೆತದ್ದೇ ಕಾರಣ.

5. ಅಪ್‌ಡೇಟ್ ಮುಗಿಯುವವರೆಗೆ ನಾಬ್, ತಂತಿ ಯಾವುದನ್ನೂ ಮುಟ್ಟಬೇಡಿ. ಮುಗಿದ ಮೇಲೆ ಎಲ್ಲ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿ.

ಮಧ್ಯೆ ನಿಂತುಹೋದರೆ ಅದೇ ಪೋರ್ಟ್, ಅದೇ ಕೇಬಲ್‌ನಲ್ಲಿ ಮೊದಲಿಂದ ಮತ್ತೆ ಮಾಡಿ. ಜೆಟಿವಿಯ ಒಳಗಿನ ಸಾಫ್ಟ್‌ವೇರ್ ಇನ್ನೂ 1ನೇ ಆವೃತ್ತಿಯಲ್ಲೇ ಇದ್ದರೆ 2.0ಕ್ಕೆ ಏರಿಸುವುದು ಲಾಭ. ಮಾಡೆಲ್‌ಗಳನ್ನೇ ಅದರಲ್ಲಿ ಹೊಸದಾಗಿ ಕಟ್ಟಲಾಗಿದೆ, ವರ್ಕ್‌ಬೆಂಚ್ ಎಚ್‌ಡಿ ನಡೆಯುವುದೂ ಅಲ್ಲಿಂದ ಮುಂದೆಯೇ. ಅದಾದ ಮೇಲೆ, ಚೆನ್ನಾಗಿ ನಡೆಯುತ್ತಿರುವ ಗಿಟಾರನ್ನು ಕಾರ್ಯಕ್ರಮದ ಹಿಂದಿನ ದಿನ ಅಪ್‌ಡೇಟ್ ಮಾಡುವುದು ಬೇಡದ ಸಾಹಸ.

ಬೇರೆ ಮೈಗೆ ಕಸಿ

ಕುತ್ತಿಗೆ ಮುರಿದ ವೇರಿಯಾಕ್ಸ್‌ನ ಒಳಭಾಗಗಳನ್ನು ಇನ್ನೊಂದು ಗಿಟಾರಿಗೆ ಇಳಿಸುವುದು ಸಾಧ್ಯ. ಬೋರ್ಡ್, ಸ್ವಿಚ್, ನಾಬ್‌ಗಳು, ಬ್ಯಾಟರಿ ಗೂಡು, ಜಾಕ್, ಪೀಜೋ ಬ್ರಿಡ್ಜ್ ಅಷ್ಟೂ ಒಟ್ಟಿಗೆ ಹೋಗಬೇಕು. ಬಿಚ್ಚುವ ಮೊದಲು ಪ್ರತಿ ಕನೆಕ್ಟರಿನ ಫೋಟೊ ತೆಗೆದು, ಮಾಸ್ಕಿಂಗ್ ಟೇಪ್ ಮೇಲೆ 1ರಿಂದ 6 ಬರೆದು ಅಂಟಿಸಿ. ಅದೇ ಬಗೆಯ ಬ್ರಿಡ್ಜ್ ಕೂರುವ ಮೈಯನ್ನೇ ಆರಿಸಿಕೊಳ್ಳಿ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ 324 ಮಿ.ಮೀ. ಇದ್ದರೆ ಒಂದನೇ ತಂತಿಯ ಸ್ಯಾಡಲ್ 648ರಲ್ಲಿ ಬರಬೇಕು, ಅಲ್ಲಿಂದ ಹಿಂದಕ್ಕೆ ಸರಿಯಲು ಜಾಗವೂ ಇರಬೇಕು.

ಗುಂಡಿ ಕೊರೆಯುವುದು ಬಡಗಿಯ ಕೈಗೆ ಕೊಟ್ಟರೂ 6 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಅಚ್ಚು ನೀವೇ ಮಾಡಿಕೊಡಿ. ತಳದಲ್ಲಿ ಕನಿಷ್ಠ 5 ಮಿ.ಮೀ. ಮರ ಉಳಿಯಲಿ. ಬ್ರಿಡ್ಜ್‌ನಿಂದ ವೈರ್ ಬರುವ ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಒಳಗೆ ಪ್ಲಾಸ್ಟಿಕ್ ತೋಳು ಹಾಕಿ. ಗುಂಡಿಗೆ ತಾಮ್ರದ ಟೇಪ್ ಹೊದಿಸಿ ಗ್ರೌಂಡ್‌ಗೆ ಜೋಡಿಸಿದರೆ ಗುಂಯ್ ಸದ್ದು ಇಳಿಯುತ್ತದೆ. ಬೋರ್ಡ್ ಅಡಿಗೆ ಮಾತ್ರ ಇನ್ಸುಲೇಷನ್ ಹಾಳೆ ತಪ್ಪಿಸಬೇಡಿ, ತಾಮ್ರ ತಾಗಿದರೆ ಬೋರ್ಡ್ ಕಥೆ ಮುಗಿಯಿತು. ಸ್ಕ್ರೂ ಬಿಗಿಯುವ ಮೊದಲೇ ಆನ್ ಮಾಡಿ ಆರೂ ತಂತಿ ಕೇಳಿ ನೋಡಿ.

ಮರ ಕೊರೆಯಲು ಮನಸ್ಸಿಲ್ಲದವರಿಗೆ ರೋಲ್ಯಾಂಡ್ ಜಿಕೆ-3 ಪಿಕಪ್ ಇದೆ; ಜೊತೆಗೆ ವಿಜಿ-8ರಂಥ ಹೊರಗಿನ ಪೆಟ್ಟಿಗೆ ಬೇಕು. ಬ್ರಿಡ್ಜ್ ಪಕ್ಕದಲ್ಲಿ ಅಂಟಿಸಿ, ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಅದಕ್ಕೂ 1 ಮಿ.ಮೀ. ಸಂದು ಬಿಟ್ಟರೆ ಆಯಿತು. ಉಕ್ಕಿನ ತಂತಿ ಇರಲೇಬೇಕು, ನೈಲಾನ್‌ಗೆ ನಡೆಯದು.

ವೇದಿಕೆ ಮೇಲೆ

ಜಾತ್ರೆ, ಗಣಪತಿ ಪೆಂಡಾಲಿನ ಜನರೇಟರ್ ಲೈನಿನಲ್ಲಿ ಅರ್ಥ್ ಇದೆಯೆಂದು ನಂಬಬೇಡಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ತುದಿಯನ್ನು ಗಿಟಾರ್ ತಂತಿಗೆ, ಇನ್ನೊಂದನ್ನು ಮೈಕ್‌ನ ಜಾಲರಿಗೆ ಹಿಡಿಯಿರಿ. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ಮೈಕ್ ಬಳಿ ತುಟಿ ಒಯ್ಯಬೇಡಿ, ಸೌಂಡ್‌ನವರಿಂದ ಅರ್ಥ್ ಸರಿಮಾಡಿಸಿ. ಗುಂಯ್ ನಿಲ್ಲಿಸಲು ಪ್ಲಗ್‌ನ ಮೂರನೇ ಪಿನ್ ಕಿತ್ತುಹಾಕುವ ಚಾಳಿ ಜೀವಕ್ಕೆ ಎರವು. ಅದಕ್ಕೆ ಗಿಟಾರಿಗೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಇನ್ನೊಂದು: ಶ್ರುತಿ ಇಳಿಸಿಕೊಂಡಾಗ ಮಾನಿಟರ್ ಸದ್ದು ಜೋರಿರಲಿ. ಸಣ್ಣ ಸದ್ದಿನಲ್ಲಿ ತಂತಿಯ ನಿಜವಾದ ನಾದವೂ ಕಿವಿಗೆ ಬಿದ್ದು ಎರಡು ಶ್ರುತಿ ಒಟ್ಟಿಗೆ ಕಚ್ಚಾಡುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆರೂ ಸ್ಯಾಡಲ್ ತಟ್ಟಿ ನೋಡಿ, ನಾಬ್‌ಗಳನ್ನು ಪ್ರತಿ ಸ್ಥಾನದಲ್ಲೂ ನಿಲ್ಲಿಸಿ ಕೇಳಿ. ಬ್ಯಾಟರಿ ಚಾರ್ಜರ್ ಮತ್ತು ಯುಎಸ್‌ಬಿ ಇಂಟರ್ಫೇಸ್ ಜೊತೆಗೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಬೆಲೆಯನ್ನು ಅಲ್ಲಿಂದಲೇ ಇಳಿಸಿ ಮಾತಾಡಿ.