ಮಳೆಗೆ ಟ್ರಿಪ್ ಆಗುತ್ತಿದ್ದ ಲೈನ್: ಮರದ ಲೀಕೇಜನ್ನು ನಾನು ಹಿಡಿದ ಬಗೆ

ನಮ್ಮ ಪಂಪುಗಳ ಲೈನಿಗೆ ಮರಗಳು ತಾಗಿ, ಮಳೆಗಾಳಿಯಲ್ಲಿ ಕರೆಂಟ್ ನೆಲಕ್ಕೆ ಸೋರಿ (ಲೀಕೇಜ್) ಸಪ್ಲೈ ತಾನಾಗಿ ನಿಲ್ಲುತ್ತಿತ್ತು, ಅಂದರೆ ಟ್ರಿಪ್ ಆಗುತ್ತಿತ್ತು. ಒಂದು ಬದಿಯ ಟೊಂಗೆಗಳನ್ನು ಸವರಿಸಿದ ಮೇಲೆ ಟ್ರಿಪ್ ಆಗುವುದು ಇನ್ನೂ ಹೆಚ್ಚಾಯಿತು. ಜೊತೆಯವರು ಅಲ್ಲಿಗೇ ತೀರ್ಪು ಕೊಟ್ಟುಬಿಟ್ಟರು: ತಪ್ಪು ಮರದ್ದಲ್ಲ, 300 ಮಿಲಿಆಂಪಿಯರ್ ಸೋರಿದರೆ ಸಪ್ಲೈ ನಿಲ್ಲಿಸುವ ರಿಲೇಯದ್ದು, ಸೆಟ್ಟಿಂಗನ್ನು 1 ಆಂಪಿಯರ್‌ಗೆ ಏರಿಸಿ ಸುಮ್ಮನಿರಿ. ನಾನು ಒಪ್ಪಲಿಲ್ಲ. ರಿಲೇಯನ್ನೂ ಅದಕ್ಕೆ ಸೋರಿಕೆ ಅಳೆದು ಕೊಡುವ ಸಿ.ಟಿ. ಸುರುಳಿಯನ್ನೂ ಆಗಲೇ ಹೊಸದು ಹಾಕಿಸಿ ಹಣ ಸುರಿದಿದ್ದೆವು. ಮಳೆಗಾಳಿ ಬಂದರೆ ಪಂಪುಗಳು ನಿಲ್ಲುವುದು ಮಾತ್ರ ತಪ್ಪಿರಲಿಲ್ಲ.

ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಉಪಯೋಗಕ್ಕೆ ಬರಲಿಲ್ಲ. ಒದ್ದೆ ಲೈನಿಗೆ 500 ವೋಲ್ಟ್ ಕೊಟ್ಟರೆ ಮೂರು ಫೇಸಿನಲ್ಲೂ ಮುಳ್ಳು ಸೊನ್ನೆಯ ಹತ್ತಿರವೇ ಮಲಗುತ್ತದೆ. ಬಾಡಿಗೆಗೆ ತಂದ ಥರ್ಮಲ್ ಕ್ಯಾಮೆರಾದ ಹಣವೂ ದಂಡ. 230 ವೋಲ್ಟಿನಲ್ಲಿ ಒಂದು ಟೊಂಗೆ ತಿನ್ನುವುದು ಹೆಚ್ಚೆಂದರೆ ಒಂದೆರಡು ವಾಟ್. ಮಳೆಯಲ್ಲಿ ಆ ಬಿಸಿ ಎಲ್ಲಿ ಕಾಣಬೇಕು?

ಕೊನೆಗೆ ಕೈಹಿಡಿದದ್ದು ಲೀಕೇಜ್ ಕ್ಲ್ಯಾಂಪ್, ತಂತಿಗಳ ಸುತ್ತ ಕಚ್ಚಿಸಿ ಸೋರಿಕೆ ಅಳೆಯುವ ಮೀಟರ್. ಅದನ್ನು ನಾಲ್ಕೂ ತಂತಿಗೆ ಒಟ್ಟಾಗಿ ಹಾಕುವುದು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ಇಷ್ಟು: ಮೂರೂ ಫೇಸಿನಿಂದ ಸಮನಾಗಿ ಸೋರಿದರೆ ಅವು ಒಂದನ್ನೊಂದು ಹೊಡೆದುಹಾಕಿ ಮೊತ್ತ ಸೊನ್ನೆ. ಮಳೆಯ ರಾತ್ರಿ ಎಲ್ಲ ಲೋಡ್ ಬಿಡಿಸಿ, ಒಂದೊಂದೇ ಫೇಸಿಗೆ ಸಪ್ಲೈ ಕೊಟ್ಟು ಅಳೆದೆ. ನೆನಪಿರುವಂತೆ ಆರ್ ಫೇಸ್ 40, ವೈ 330, ಬಿ 350 ಮಿಲಿಆಂಪಿಯರ್. ಮೂರನ್ನೂ ಒಟ್ಟಿಗೆ ಹಾಕಿದಾಗ 300ರ ಆಸುಪಾಸು. ಸವರುವ ಮೊದಲು ಆರ್ ಕೂಡ 300 ದಾಟಿದ್ದಿರಬೇಕು. ಆಗ ರಿಲೇಗೆ ಕಾಣುತ್ತಿದ್ದದ್ದು 35, 40 ಅಷ್ಟೇ. ಆರ್ ಬದಿಯ ಟೊಂಗೆ ಹೋದದ್ದೇ ತಡ, ಉಳಿದೆರಡರ ಸೋರಿಕೆ ಬಯಲಾಯಿತು. ಈ ಲೆಕ್ಕ ಬರೆದು ತೋರಿಸಿದ ಮೇಲೆ ಯಾರೂ ರಿಲೇಯ ಮಾತೆತ್ತಲಿಲ್ಲ.

ಆಮೇಲಿನದು ಬರೀ ದುಡಿಮೆ. ಸಪ್ಲೈ ತೆಗೆದು, ತಂತಿಗಳನ್ನು ನೆಲಕ್ಕೆ ಜೋಡಿಸಿ (ಅರ್ಥ್), ನಡುವಿನ ಕಂಬದಲ್ಲಿ ಎರಡು ಬದಿಯ ತಂತಿ ಕೂಡಿಸುವ ಜಂಪರ್ ಬಿಚ್ಚುವುದು; ಅರ್ಧ ಲೈನನ್ನು ಅಳೆಯುವುದು; ಸೋರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ತಂತಿಗಳು ಕ್ಲ್ಯಾಂಪಿನೊಳಗೆ ಓರೆಯಾಗಿ ಕೂತರೆ ಮೀಟರ್ ಸುಳ್ಳು ಹೇಳುತ್ತದೆ. ಅದಕ್ಕೆ ನಾನೊಂದು ಹಿಡಿಕೆ ಮಾಡಿಕೊಂಡಿದ್ದೇನೆ, ಅದರ ವಿವರ ನನ್ನಲ್ಲೇ ಇರಲಿ.

ಈ ನಡುವೆ ಮರದ ರೆಸಿಸ್ಟೆನ್ಸ್ ಅಳೆಯುವ ಹುಚ್ಚೂ ಹತ್ತಿತು. ಮಲ್ಟಿಮೀಟರಿನ ಡಿ.ಸಿ.ಯಲ್ಲಿ ಅಂಕಿ ಒಂದು ಕಡೆ ನಿಲ್ಲುವುದೇ ಇಲ್ಲ, ಅಳೆಯಲು ಹೊಡೆದ ಮೊಳೆಯ ಸುತ್ತಲಿನ ರಸ ಪೋಲರೈಸ್ ಆಗಿ ಎದುರು ವೋಲ್ಟೇಜ್ ಕಟ್ಟುತ್ತದೆ. ಎ.ಸಿ. ಕೊಟ್ಟು ಅಳೆದರೆ ಬೆರಳು ಗಾತ್ರದ ಹಸಿ ಟೊಂಗೆ ಮೀಟರಿಗೆ ಸುಮಾರು 1 ಮೆಗಾಓಮ್, ತೋಳು ಗಾತ್ರದ್ದು 50 ಕಿಲೋಓಮ್‌ನ ಹತ್ತಿರ. ಅಂದರೆ ಒಣ ಹವೆಯಲ್ಲಿ ಎಳೆಯ ಚಿಗುರು ತಾಗಿದರೆ ಚಿಂತೆಯಿಲ್ಲ, ದಪ್ಪ ಕೊಂಬೆ ಒರಗಿದರೆ ಬಿಡಬಾರದು. ತೊಗಟೆ ನೆನೆದಾಗ ಈ ಲೆಕ್ಕವೆಲ್ಲ ತಲೆಕೆಳಗು. ಇದು 230 ವೋಲ್ಟಿನ ಮಾತು; 11 ಕಿಲೋವೋಲ್ಟ್ ಲೈನಿನಲ್ಲಿ ಅದೇ ಕೊಂಬೆ ನೂರು ಮಿಲಿಆಂಪಿಯರ್ ದಾಟಿ ಸುಟ್ಟು ಕರಕಲಾಗುತ್ತದೆ. ಅಲ್ಲಿ ಈ ಪ್ರಯೋಗ ಬೇಡ.

ವಿದ್ಯುತ್ ಉಳಿತಾಯವೆಂದು ಯಾರಿಗೂ ಆಸೆ ತೋರಿಸಬೇಡಿ. ಮೂರೂ ಫೇಸಿನದು ಸೇರಿ 720 ಮಿಲಿಆಂಪಿಯರ್ ಎಂದರೆ 165 ವಾಟ್, ಅದೂ ಮಳೆ ಬಂದಾಗ ಮಾತ್ರ. ಹಣ ಉಳಿದದ್ದು ಪಂಪು ನಿಲ್ಲದ್ದರಿಂದ, ಮತ್ತೆ ಕೂಲಿಯಲ್ಲಿ. ಇಡೀ ಲೈನು ಸವರುವ ಬದಲು ಈಗ ಗುರುತು ಹಾಕಿದ ಕಡೆ ಮಾತ್ರ ಸವರಿಸುತ್ತೇವೆ, ಖರ್ಚು ಮೂರನೇ ಒಂದಕ್ಕೆ ಇಳಿದಿದೆ. ಕ್ಲ್ಯಾಂಪಿನ ಹಣ ಮೊದಲ ಸುತ್ತಿನಲ್ಲೇ ಹುಟ್ಟಿತು.

ಈಗ ಜೋರು ಮಳೆಯಲ್ಲೂ ಯಾವ ಫೇಸೂ 60 ಮಿಲಿಆಂಪಿಯರ್ ದಾಟುವುದಿಲ್ಲ. ಕೊನೆಯ ಭಾಗದಲ್ಲಿ ವೈ ಫೇಸ್ ಮಾತ್ರ ಗಾಳಿಯಿರಲಿ ಬಿಡಲಿ ಒಂದೇ ಸಮನೆ ಸೋರುತ್ತದೆ. ಅಲ್ಲಿ ಮರವೇ ಇಲ್ಲ; ಇನ್ಸುಲೇಟರ್ ಬದಲಿಸುವುದಿದೆ.