ಪೇಟೆ ಬೀದಿಗೆ ಸಲಹೆಗಾರರಾಗಬೇಕೆ? ಮೊದಲು ಶಟರ್ ಎಣಿಸಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್ ಬಂತು. ಕಾರುಗಳು ಊರಾಚೆಯಿಂದಲೇ ಹಾದುಹೋದವು. ಹಳೇ ಹೆದ್ದಾರಿ ಬದಿಯ ಬೊಂಬೆ ಅಂಗಡಿಯವರು, ವಡೆ ಹೋಟೆಲಿನವರು ಗಲ್ಲಾ ಖಾಲಿ ಎಂದು ಗೋಳಾಡಿದರು. ಬೈಪಾಸ್ ಇಲ್ಲದ ಊರುಗಳ ಗತಿಯೂ ಬೇರೆಯಲ್ಲ. ಬಸ್ ನಿಲ್ದಾಣ ಊರ ಹೊರಗೆ ಹೋಯಿತು, ಬಟ್ಟೆಬರೆ ಮೊಬೈಲಿನಲ್ಲಿ ಬರತೊಡಗಿತು, ಹಳೇ ಪೇಟೆ ಬೀದಿ ಸೊರಗಿತು.

ಇಂಥ ಬೀದಿಗೆ ಮತ್ತೆ ಗಿರಾಕಿ ಬರುವಂತೆ ಮಾಡಲು ಸಲಹೆ ಕೊಡುವುದು ಈಗ ಒಂದು ಕಸುಬು. ಅಮೆರಿಕದಲ್ಲಿ ಇದು ಹಳೆಯದು. 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಪ್ರಯೋಗ ಶುರುವಾಯಿತು. 1980ರಲ್ಲಿ ಅದೇ 'ಮೇನ್ ಸ್ಟ್ರೀಟ್' ಎಂಬ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಅಲ್ಲಿ ಮೊದಲು ಮಾಡಿದ್ದು ಏನು ಗೊತ್ತಾ? ಪ್ರತಿ ಊರಿಗೂ ಪೂರ್ತಿ ಹೊತ್ತು ಬೀದಿಯಲ್ಲೇ ಓಡಾಡುವ ಒಬ್ಬ ಮನುಷ್ಯನನ್ನು ಇಟ್ಟರು.

ನಮ್ಮಲ್ಲಿ ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ. ಡ್ರೋನ್ ಹಾರಿಸುತ್ತಾರೆ. ಬೆಂಚು, ದೀಪ, ಗಿಡ ಇರುವ ತ್ರೀಡಿ ಚಿತ್ರ ಮಾಡಿಸುತ್ತಾರೆ. ನೇರ ಪುರಸಭೆ ಮುಖ್ಯಾಧಿಕಾರಿ ಮುಂದೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಂಥದೊಂದು ಸಭೆಯಲ್ಲಿ ನಾನೂ ಇದ್ದೆ. ಹಿಂದಿನ ಸಾಲಿನಿಂದ ದಿನಸಿ ವ್ಯಾಪಾರಿಯೊಬ್ಬರು ಎದ್ದು, "ಎಲ್ಲಾ ಸರಿ ಸ್ವಾಮಿ, ಅಕ್ಕಿ ಮೂಟೆ ಇಳಿಸೋದು ಎಲ್ಲಿ?" ಎಂದು ಕೇಳಿದರು. ಉತ್ತರ ಇರಲಿಲ್ಲ. ಕೆಲಸ ಅಲ್ಲಿಗೇ ಮುಗಿಯಿತು.

ಹೆಜ್ಜೆ 1: ಕಾಗದಪತ್ರ

ಇದಕ್ಕೆ ಒಂದು ವಾರ ಸಾಕು. ಸ್ವಂತ ಮಾಲೀಕತ್ವದ ಸಂಸ್ಥೆ ಸಾಕು, ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಬೇಡ. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ಸೇವೆಯಿಂದ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾತ್ರ ತಪ್ಪದೇ ಮಾಡಿಸಿ. ಅದು ಸರ್ಕಾರದ ಜಾಲತಾಣದಲ್ಲಿ ಪೂರಾ ಉಚಿತ. ಅದೇ ಥರ ಕಾಣುವ ಖಾಸಗಿ ತಾಣಗಳು ಒಂದೆರಡು ಸಾವಿರ ಕೇಳುತ್ತವೆ, ಕೊಡಬೇಡಿ. ನೀವು ಆರ್ಕಿಟೆಕ್ಟ್ ಆಗಿ ನೋಂದಾಯಿಸಿಕೊಂಡಿಲ್ಲದಿದ್ದರೆ ವಿಸಿಟಿಂಗ್ ಕಾರ್ಡಿನಲ್ಲಿ ಆ ಪದ ಹಾಕುವಂತಿಲ್ಲ. 1972ರ ಕಾಯ್ದೆ ಅದನ್ನು ತಡೆಯುತ್ತದೆ.

ಹೆಜ್ಜೆ 2: ಒಂದೇ ಊರು, ಒಂದೇ ಬೀದಿ

ನಿಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ಊರು ಆರಿಸಿ. ಪದೇ ಪದೇ ಹೋಗಬೇಕಾಗುತ್ತದೆ. ಇಡೀ ಊರನ್ನು ಉದ್ಧಾರ ಮಾಡಲು ಹೊರಡಬೇಡಿ. ನೂರು ಅಂಗಡಿಯ ಒಂದು ಬೀದಿ ಧಾರಾಳ.

ಹೆಜ್ಜೆ 3: ಎಣಿಕೆ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಎಣಿಕೆಯಲ್ಲಿ ಎರಡು ಕೆಲಸ ಇವೆ. ಒಂದು ಶಟರ್ ಪುಸ್ತಕ, ಇನ್ನೊಂದು ಜನರ ಲೆಕ್ಕ.

ಶಟರ್ ಪುಸ್ತಕಕ್ಕೆ ಗೆರೆ ಹಾಕಿದ ಉದ್ದನೆ ನೋಟ್‌ಬುಕ್ ತನ್ನಿ. ಮೊಬೈಲ್ ಬೇಡ. ಫೋನ್ ಹಿಡಿದು ಅಂಗಡಿ ಮುಂದೆ ನಿಂತರೆ ತೆರಿಗೆಯವರು ಬಂದರು ಅಂದುಕೊಳ್ಳುತ್ತಾರೆ. ಬೀದಿಯ ಒಂದು ತುದಿಯಿಂದ ಎಡಬದಿ ಪೂರ್ತಿ ಮುಗಿಸಿ, ಆಮೇಲೆ ಬಲಬದಿಗೆ ಬನ್ನಿ. ಒಂದು ಶಟರಿಗೆ ಒಂದು ಸಾಲು. ಏನು ವ್ಯಾಪಾರ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಸ್ವಂತದ್ದೋ ಬಾಡಿಗೆಯೋ, ಎಷ್ಟು ವರ್ಷದಿಂದ, ಮಹಡಿಯಲ್ಲಿ ಏನಿದೆ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುತ್ತಿತ್ತು. ಮೇಲಿನ ಸಂಸಾರ ಬಡಾವಣೆಗೆ ಹೋದ ಮೇಲೆ ಸಂಜೆ ಬೀದಿಯಲ್ಲಿ ದೀಪವೂ ಇಲ್ಲ, ಜನವೂ ಇಲ್ಲ.

ಬಾಡಿಗೆ ಎಷ್ಟೆಂದು ನೇರವಾಗಿ ಕೇಳಬೇಡಿ. "ಪಕ್ಕದವರದು ಎಷ್ಟಿರಬಹುದು?" ಎನ್ನಿ. ಪಕ್ಕದವನ ಬಾಡಿಗೆ ಹೇಳಲು ಯಾರಿಗೂ ಸಂಕೋಚವಿಲ್ಲ. ನಾಲ್ಕು ಕಡೆ ಕೇಳಿದರೆ ಸುಮಾರಾಗಿ ನಿಜ ಸಿಗುತ್ತದೆ.

ಮುಚ್ಚಿದ ಶಟರುಗಳಿಗೆ ಬೇರೆ ಪುಟ ಇಡಿ. ಹೊರಗಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಆದರೆ ಕಾರಣ ಬೇರೆ ಬೇರೆ. ಕೆಲವು ಗೋಡೌನ್. ಇವರಿಗೆ ಹಿಂದಿನ ಗಲ್ಲಿಯಲ್ಲಿ ಕಡಿಮೆ ಬಾಡಿಗೆಯ ಜಾಗ ತೋರಿಸಿದರೆ ಮುಂದಿನ ಶಟರ್ ಖಾಲಿಯಾಗುತ್ತದೆ. ಕೆಲವು ದಾಯಾದಿ ಜಗಳದಲ್ಲಿ ಬೀಗ ಬಿದ್ದವು. ಅದರ ಗೊಡವೆಗೆ ಹೋಗಬೇಡಿ, ನೀವು ವಕೀಲರಲ್ಲ. ಕೆಲವು ಪುರಸಭೆಯದೇ ಮಳಿಗೆಗಳು. ಹರಾಜಿನಲ್ಲಿ ಹಿಡಿದವರು ಒಬ್ಬರು, ಒಳಬಾಡಿಗೆಗೆ ಇರುವವರು ಇನ್ನೊಬ್ಬರು. ಇದನ್ನು ಬರೆದುಕೊಳ್ಳಿ, ಸಭೆಯಲ್ಲಿ ಮಾತ್ರ ಬಾಯಿ ಬಿಡಬೇಡಿ. ಕಡೆಗೆ ಉಳಿಯುವುದು ನಿಜಕ್ಕೂ ಬಾಡಿಗೆದಾರ ಸಿಗದ ಶಟರುಗಳು. ನಿಮ್ಮ ಕೆಲಸ ಇರುವುದು ಅವುಗಳಲ್ಲಿ, ಅವು ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ ಇರುತ್ತವೆ.

ಇನ್ನು ಜನರ ಲೆಕ್ಕ. ಸಂತೆ ದಿನ ಒಂದು, ಸಂತೆಯಿಲ್ಲದ ವಾರದ ದಿನ ಒಂದು, ಭಾನುವಾರ ಒಂದು. ದಿನಕ್ಕೆ ನಾಲ್ಕು ಸಲ: ಬೆಳಿಗ್ಗೆ 8, 11, ಸಂಜೆ 5, ರಾತ್ರಿ 8. ಪ್ರತಿ ಸಲವೂ ಅರ್ಧ ಗಂಟೆ. ಯಾವುದಾದರೂ ಒಂದು ಲೈಟ್ ಕಂಬ ಗುರುತು ಮಾಡಿಕೊಂಡು ಪ್ರತಿ ಸಲವೂ ಅಲ್ಲೇ ನಿಲ್ಲಿ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವ ಹಳೇ ಕ್ರಮವೇ ಒಳ್ಳೆಯದು. ಇಬ್ಬರು ಬೇಕು. ಒಬ್ಬರು ಕಂಬ ದಾಟುವವರನ್ನು ಎಣಿಸಬೇಕು. ಇನ್ನೊಬ್ಬರು ಎದುರಿನ ಹತ್ತು ಅಂಗಡಿಗಳ ಒಳಗೆ ಕಾಲಿಟ್ಟವರನ್ನು ಎಣಿಸಬೇಕು. ಹೆಂಗಸರ ಲೆಕ್ಕ ಬೇರೆ ಇರಲಿ.

ಈ ಎರಡು ಅಂಕಿ ಯಾಕೆ? ಬೀದಿಯಲ್ಲಿ ಜನ ಜಾಸ್ತಿ ಇದ್ದು ಒಳಗೆ ಹೋಗುವವರು ಕಡಿಮೆ ಇದ್ದರೆ ಕಾಯಿಲೆ ಅಂಗಡಿಯದು. ಸರಕು ಹಳತು, ಬೋರ್ಡು ಕಾಣುವುದಿಲ್ಲ, ರೇಟು ಜಾಸ್ತಿ, ಇಂಥದ್ದು. ದಾಟುವವರೇ ಕಡಿಮೆ ಇದ್ದರೆ ಕಾಯಿಲೆ ದಾರಿಯದು. ಬಸ್ ಎಲ್ಲಿ ನಿಲ್ಲುತ್ತದೆ, ಚರಂಡಿ ಚಪ್ಪಡಿ ಮುರಿದಿದೆಯಾ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ನೋಡಬೇಕು. ಹೆಂಗಸರು ಬಂದು ಬೇಗ ಹೊರಟುಬಿಡುತ್ತಿದ್ದರೆ ಮೊದಲು ಶೌಚಾಲಯ ಹುಡುಕಿ. ಇದೆಯಾ, ಬೀಗ ಹಾಕಿದೆಯಾ, ಬೀಗದ ಕೈ ಯಾರ ಹತ್ತಿರ ಇದೆ? ಒಂದನೇ ಕಾಯಿಲೆಗೆ ಎರಡನೆಯದರ ಮದ್ದು ಕೊಟ್ಟು ಕೋಟಿಗಟ್ಟಲೆ ಕಲ್ಲು ಹಾಸಿದ ಬೀದಿಗಳನ್ನು ನೀವೂ ನೋಡಿರುತ್ತೀರಿ.

ಒಂದು ಊರಿನಲ್ಲಿ ವರ್ತಕರೆಲ್ಲ ಒಂದೇ ದನಿಯಲ್ಲಿ "ಪಾರ್ಕಿಂಗ್ ಇಲ್ಲ, ಅದಕ್ಕೇ ಗಿರಾಕಿ ಬರಲ್ಲ" ಎಂದರು. ಬೆಳಿಗ್ಗೆ 10ಕ್ಕೆ ಅಂಗಡಿ ಮುಂದಿನ ಬೈಕುಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಂಡೆ. ಮಧ್ಯಾಹ್ನ 1ಕ್ಕೆ ಮತ್ತೆ ಬರೆದೆ. ಮುಕ್ಕಾಲು ಪಾಲು ಅವೇ ಬೈಕುಗಳು. ಅಂಗಡಿಯವರದು, ಕೆಲಸದ ಹುಡುಗರದು. ಅವನ್ನು ಹಿಂದಿನ ಖಾಲಿ ಸೈಟಿಗೆ ಕಳಿಸಿದೆವು. ಖರ್ಚಾಗಿದ್ದು ಒಂದು ಲೋಡು ಜಲ್ಲಿ.

ಜಾತ್ರೆ, ಹಬ್ಬದ ವಾರದಲ್ಲಿ ಎಣಿಸಬೇಡಿ. ಅಂಗಡಿಯೊಳಗೆ ಕುರ್ಚಿ ಹಾಕಿಸಿಕೊಂಡು ಕೂತೂ ಎಣಿಸಬೇಡಿ. ಕಾಫಿ ಬರುತ್ತದೆ, ಮಾತು ಶುರುವಾಗುತ್ತದೆ, ಲೆಕ್ಕ ತಪ್ಪುತ್ತದೆ.

ಹೆಜ್ಜೆ 4: ಮೊದಲ ಕೆಲಸ ಅಗ್ಗದ್ದಿರಲಿ

ಎಣಿಕೆ ಮುಗಿದ ಮೇಲೆ ಒಂದೇ ತಿಂಗಳಲ್ಲಿ ಕಣ್ಣಿಗೆ ಕಾಣುವ ಕೆಲಸ ಮಾಡಿ. ನನ್ನ ಮೊದಲ ಆಯ್ಕೆ ಬೋರ್ಡುಗಳು. ನಾಮಫಲಕದಲ್ಲಿ 60 ಶೇಕಡ ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂದಿದೆ, ಹೇಗೂ ಬದಲಾಯಿಸಬೇಕು. ಹತ್ತು ಅಂಗಡಿಯವರು ಒಟ್ಟಿಗೆ ಊರಿನ ಪೇಂಟರಿಗೇ ಕೊಟ್ಟರೆ ಅಗ್ಗ, ನೋಡಲೂ ಚೆಂದ. ಫ್ಲೆಕ್ಸ್ ಬೇಡವೇ ಬೇಡ. ಬಿಸಿಲಿಗೆ ಬಣ್ಣ ಹೋಗುತ್ತದೆ, ಅದರ ಮೇಲೆ ರಾಜ್ಯದಲ್ಲಿ 2016ರಿಂದ ನಿಷೇಧವೂ ಇದೆ. ಹಳೇ ಮರದ ಕಂಬ, ಜಗಲಿಗಳನ್ನು ಮುಚ್ಚುವ ಹೊಳೆಯುವ ಎಸಿಪಿ (ಅಲ್ಯುಮಿನಿಯಂ ಹೊದಿಕೆಯ) ಶೀಟನ್ನೂ ನಾನು ಒಪ್ಪುವುದಿಲ್ಲ. 'ಐ ಲವ್ ನಮ್ಮೂರು' ಎಂಬ ಸೆಲ್ಫಿ ಅಕ್ಷರಗಳ ಬಗ್ಗೆ ಏನೂ ಹೇಳುವುದಿಲ್ಲ. ಆ ದುಡ್ಡಿಗೆ ಶೌಚಾಲಯಕ್ಕೆ ಬಾಗಿಲು, ನೀರು ಎರಡೂ ಬರುತ್ತಿತ್ತು.

ಸಂಜೆಯ ವ್ಯಾಪಾರಕ್ಕೆ ಇಂದೋರಿನ ಸರಾಫಾ ಬೀದಿ ನೋಡಿ ಬನ್ನಿ. ಹಗಲು ಚಿನ್ನ ಬೆಳ್ಳಿ ಅಂಗಡಿ, ರಾತ್ರಿ ಅದೇ ಶಟರುಗಳ ಮುಂದೆ ತಿಂಡಿ. ನಮ್ಮ ಪೇಟೆಗಳಲ್ಲೂ ಮಾಡಬಹುದು. ಆದರೆ ತಳ್ಳುಗಾಡಿಯವರನ್ನು ಎಬ್ಬಿಸಿ ಬೀದಿ ಚೊಕ್ಕಟ ಮಾಡುವ ಯೋಜನೆ ತರಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚಿಸಬೇಕಾದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡ ಸ್ಥಾನ ಅವರದೇ. ಅದೂ ಅಲ್ಲದೆ, ಬೀದಿಗೆ ಜನ ಬರುವುದೇ ಎಷ್ಟೋ ಕಡೆ ಅವರಿಂದ.

ಹೆಜ್ಜೆ 5: ದುಡ್ಡು

ಮೊದಲ ಗಿರಾಕಿ ವರ್ತಕರ ಸಂಘವಾಗಿರಲಿ, ಪುರಸಭೆ ಆಮೇಲೆ. 60 ಅಂಗಡಿ ತಿಂಗಳಿಗೆ 500 ರೂಪಾಯಿ ಹಾಕಿದರೆ 30,000 ಆಗುತ್ತದೆ. ಆರು ತಿಂಗಳ ಕರಾರು ಬರೆಸಿಕೊಳ್ಳಿ. ಹಣವನ್ನು ಸಂಘದ ಖಾತೆಯಿಂದಲೇ ತೆಗೆದುಕೊಳ್ಳಿ. ಮನೆಮನೆ ವಸೂಲಿಗೆ ನೀವು ಹೋದರೆ ಚಂದಾ ಕೇಳುವವರಾಗಿಬಿಡುತ್ತೀರಿ.

ಪುರಸಭೆ ಕೆಲಸ ಕೊಟ್ಟರೆ ಕಾರ್ಯಾದೇಶ ಕೈಗೆ ಬರುವ ತನಕ ಒಂದು ಗೆರೆಯನ್ನೂ ಎಳೆಯಬೇಡಿ. "ನೀವು ಶುರು ಮಾಡಿ, ಆರ್ಡರ್ ಮಾಡಿಸೋಣ" ಎಂದವರು ಮುಂದಿನ ತಿಂಗಳು ವರ್ಗವಾಗಿರುತ್ತಾರೆ. ಒಂದು ಕಡೆ ನಾನು ಹೀಗೆ ನಂಬಿ ನಾಲ್ಕು ತಿಂಗಳ ಕೂಲಿ ಕಳೆದುಕೊಂಡೆ. ಉದ್ಯಮ್ ನೋಂದಣಿ ಮಾಡಿಸಿ ಎಂದಿದ್ದು ಇದಕ್ಕೇ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಮೊದಲೇ ಇದನ್ನು ಹೇಳಿ ಹೆದರಿಸಬೇಡಿ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಸುಮ್ನೆ ಅಚ್ಚು ಹಾಕಿಸಿ, ಸಾಕು.

ಹೆಜ್ಜೆ 6: ಮತ್ತೆ ಅದೇ ಕಂಬ

ಆರು ತಿಂಗಳಾದ ಮೇಲೆ ಅದೇ ಕಂಬ, ಅದೇ ಸಂತೆ ದಿನ, ಅದೇ ನಾಲ್ಕು ಹೊತ್ತು. ಅಂಕಿ ಇಳಿದಿದ್ದರೂ ಸಂಘದವರಿಗೆ ಇದ್ದಂತೆಯೇ ತೋರಿಸಿ. ಮೊದಲ ಎಣಿಕೆ ಬೇಸಿಗೆಯಲ್ಲಿ, ಎರಡನೆಯದು ಮಳೆಗಾಲದಲ್ಲಿ ಬಿದ್ದರೆ ಹೋಲಿಕೆ ಕೆಡುತ್ತದೆ. ಕೆಲಸ ಶುರು ಮಾಡುವ ದಿನವನ್ನೇ ಕ್ಯಾಲೆಂಡರ್ ನೋಡಿ ಇಟ್ಟುಕೊಳ್ಳಿ. ನಾನು ದೀಪಾವಳಿ ಕಳೆದು ಎರಡು ವಾರಕ್ಕೆ ಮೊದಲ ಎಣಿಕೆ ಮಾಡುತ್ತೇನೆ. ಎರಡನೆಯದು ಯುಗಾದಿ ಮುಗಿದ ಮೇಲೆ, ಮಳೆಗೆ ಮುಂಚೆ ಬರುತ್ತದೆ.